ಬ್ಯಾಂಡಿನ ಆರು ಬಾಟಲಿ

ಮುಳಬಾಗಿಲು
20 ಜನವರಿ 2025

ಡಾಕ್ಟರ್ ಚಂದನಮ್ಮನವರಿಗೆ ಬ್ಯಾಂಡ್ ಮಾಸ್ಟರ್ ಓಬೇದುಲ್ಲಾನ ಸಲಾಮು.

ನೀವು ಹೇಳಿದ ಹಾಗೆ ಮೊದಲ ವಾರದ ಫಾರಂ ತುಂಬಿದ್ದೇನೆ. ವಾರಕ್ಕೊಂದರಂತೆ ಹನ್ನೆರಡು ಫಾರಂ, ಹನ್ನೆರಡು ಲಕೋಟೆ, ಸ್ಟಾಂಪು ಕೂಡ ನೀವೇ ಹಚ್ಚಿ ಕೊಟ್ಟಿದ್ದೀರಿ. ತುಂಬಲು ಎರಡು ನಿಮಿಷ ಸಾಕಾಯಿತು. ಹಲ್ಲುಜ್ಜುವಾಗ ರಕ್ತ ಬಂತೇ, ಹೌದು, ಇಲ್ಲ. ಬಾಯಿ ಉರಿಯಿತೇ, ಹೌದು, ಇಲ್ಲ. ಬಾಟಲಿಯದ್ದನ್ನು ಎರಡು ಹೊತ್ತೂ ಮುಕ್ಕಳಿಸಿದಿರೇ, ಹೌದು, ಇಲ್ಲ. ಎಲ್ಲಕ್ಕೂ ಗುರುತು ಹಾಕಿ ತಿರುಗಿಸಿ ನೋಡಿದರೆ ಹಿಂಬದಿ ಪೂರ್ತಿ ಖಾಲಿ. ಇಷ್ಟು ಒಳ್ಳೆಯ ಕಾಗದವನ್ನು ದಂಡ ಮಾಡುವುದು ನನ್ನಿಂದಾಗದು. ಕನ್ನಡ ಮೀಡಿಯಂನಲ್ಲಿ ಎಸ್ಸೆಸ್ಸೆಲ್ಸಿ ಪಾಸಾದವನು ನಾನು. ಆಗ ಕಲಿತ ಅಕ್ಷರಕ್ಕೆ ಕೆಲಸ ಸಿಕ್ಕಿ ಎಷ್ಟು ವರ್ಷವಾಯಿತೋ. ಓದಿದರೆ ಓದಿ, ಇಲ್ಲದಿದ್ದರೆ ಬಿಡಿ.

ನಾನು ಯಾರೆಂದು ನೆನಪಿದೆಯೋ ಇಲ್ಲವೋ. ಡಿಸೆಂಬರಿನಲ್ಲಿ ಇಲ್ಲಿ ಹಲ್ಲಿನ ಕ್ಯಾಂಪು ನಡೆದಾಗ ಬಾಯಿಗೆ ಕರವಸ್ತ್ರ ಮುಚ್ಚಿಕೊಂಡು ಬಂದ ಐವತ್ತೆಂಟರ ಮನುಷ್ಯ. ಮೇಲಿನ ಎದುರು ಹಲ್ಲು ಎರಡೂ ಅಲುಗಾಡುತ್ತಿದ್ದವು. ಅದಕ್ಕೆ ಮುಂಚೆ ನೋಡಿದ್ದ ಡಾಕ್ಟರೊಬ್ಬರು ಎರಡನ್ನೂ ಕಿತ್ತು ಸೆಟ್ ಹಲ್ಲು ಹಾಕಿಸಿಕೋ ಎಂದಿದ್ದರು. ಅವರಿಗೇನು ಗೊತ್ತು? ಕ್ಲಾರಿನೆಟ್ ಊದುವವನಿಗೆ ಆ ಎರಡು ಹಲ್ಲೇ ಆಧಾರ. ಬಾಯಿಗಿಡುವ ತುದಿಯ ಮೇಲೆ ಅವು ಗಟ್ಟಿಯಾಗಿ ಕೂತರೆ ಮಾತ್ರ ಸ್ವರ ನಿಲ್ಲುತ್ತದೆ. ಸೆಟ್ ಹಲ್ಲು ಹಾಕಿಕೊಂಡು ಊದುವವರನ್ನು ಕಂಡಿದ್ದೇನೆ. ಮೆರವಣಿಗೆ ಅರ್ಧಕ್ಕೆ ಬರುವಷ್ಟರಲ್ಲಿ ಹಲ್ಲು ಜಾರುತ್ತದೆ, ಅದರ ಹಿಂದೆಯೇ ಸ್ವರವೂ ಜಾರುತ್ತದೆ. ನಲವತ್ತು ವರ್ಷದಿಂದ ಬ್ಯಾಂಡಿನ ಮುಂದೆ ನಡೆದವನು ನಾನು. ಆ ಹಲ್ಲು ಹೋದರೆ ಹಿಂದೆ ನಡೆಯಬೇಕು, ಇಲ್ಲವೇ ಮನೆಯಲ್ಲಿ ಕೂರಬೇಕು.

ನೀವು ಕೀಳುವ ಮಾತೇ ಎತ್ತಲಿಲ್ಲ. ನನ್ನ ವಸಡಿನ ಸಂದಿಯಿಂದ ಸೂಜಿಮೊನೆಯಷ್ಟು ತೆಗೆದು ಗಾಜಿನ ಮೇಲಿಟ್ಟು ಲ್ಯಾಪ್‌ಟಾಪಿನಲ್ಲಿ ದೊಡ್ಡದು ಮಾಡಿ ತೋರಿಸಿದಿರಿ. ನಮ್ಮ ಬಸ್ ಸ್ಟಾಂಡಿನಲ್ಲಿ ಸಂಜೆ ಕೊನೆ ಬಸ್ಸಿಗೆ ಜನ ನುಗ್ಗುವ ಹಾಗೆ ಹುಳಗಳು ಒದ್ದಾಡುತ್ತಿದ್ದವು. 'ಇವೆಲ್ಲ ನಂದಾ?' ಎಂದು ಕೇಳಿದೆ. 'ನಿಮ್ಮದೇ, ಬಾಡಿಗೆ ಕೊಡ್ದೆ ಇದಾವೆ' ಎಂದಿರಿ. ಆ ಒಂದು ಮಾತಿಗೆ ನಾನು ನಿಮ್ಮ ಶಿಷ್ಯನಾದೆ. ಆಮೇಲೆ ಕೋಲಾರದ ನಿಮ್ಮ ಕಾಲೇಜಿಗೆ ಎರಡು ಸಲ ಬಂದು, ಹಲ್ಲಿನ ಬೇರಿನವರೆಗೂ ಕೆರೆಸಿಕೊಂಡು, ಬಾಟಲಿ ತಂದೆವು.

ಬ್ಯಾಂಡಿನ ಆರು ಜನವೂ ನಿಮ್ಮ ಅಧ್ಯಯನಕ್ಕೆ ಸೇರಿದ್ದೇವೆ. ಅರ್ಧ ಜನರ ಬಾಟಲಿಯಲ್ಲಿ ಹಸಿರು ಚಹಾದ ಸತ್ವ, ಇನ್ನರ್ಧ ಜನರದರಲ್ಲಿ ಅದೇ ಬಣ್ಣದ, ಅದೇ ರುಚಿಯ ಬರೀ ನೀರು, ಯಾರದು ಯಾವುದೆಂದು ನಿಮಗೂ ಗೊತ್ತಿಲ್ಲ ಎಂದು ಹೇಳಿದ್ದಿರಿ. ಆ ಬಗ್ಗೆ ಚಿಂತೆ ಮಾಡಬೇಡಿ. ನಮ್ಮ ಬ್ಯಾಂಡಿನಲ್ಲಿ ಒಂದು ರೂಢಿಯಿದೆ. ಮದುವೆ ಮನೆಯವರು ಯಾರ ಕೈಗೆ ಲಾಡು ಕೊಡಲಿ, ಯಾರ ಕೈಗೆ ಬಾಳೆಹಣ್ಣು ಕೊಡಲಿ, ಎಲ್ಲ ಒಂದೇ ಡಬ್ಬಕ್ಕೆ ಬೀಳುತ್ತದೆ, ಆಮೇಲೆ ಸಮನಾಗಿ ಆರು ಪಾಲು. ನಮ್ಮಲ್ಲಿ ಯಾರಿಗೂ ಮೋಸವಾಗುವುದಿಲ್ಲ.

ಇಂತಿ,
ಸೊಳ್ಳೆ ಕಚ್ಚಿದರೂ ಫಾರಂ ತುಂಬುವ ನಿಮ್ಮ ಶಿಷ್ಯ
ಓಬೇದುಲ್ಲಾ


ಕೋಲಾರ
30 ಜನವರಿ 2025

ಓಬೇದುಲ್ಲಾ ಮಾಸ್ಟರಿಗೆ ಚಂದನಳ ನಮಸ್ಕಾರ.

ನಿಮ್ಮ ಫಾರಂ ಅನ್ನು ನಮ್ಮ ಗೈಡ್ ಆದಿಲಕ್ಷ್ಮಿ ಮೇಡಂಗೆ ತೋರಿಸಿದೆ. ಮುಂಬದಿ ನೋಡಿ ಬದಿಗಿಟ್ಟರು, ಹಿಂಬದಿಯನ್ನು ಎರಡು ಸಲ ಓದಿದರು. 'ಉತ್ತರ ಬರಿ' ಎಂದರು. ಅದಕ್ಕೇ ಬರೆಯುತ್ತಿದ್ದೇನೆ. ನನಗೂ ಕಾಗದ ಬರೆದು ರೂಢಿಯಿಲ್ಲ, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ನೀವು ಕಂಡ ಓಡಾಡುವ ಹುಳಗಳು ಜೊತೆಗಾರರಷ್ಟೇ. ನಿಜವಾದ ಕಳ್ಳ ಓಡಾಡುವುದೇ ಇಲ್ಲ. ಗಾಳಿಯಾಡದ ಸಂದಿ ಹುಡುಕಿ ಅಂಟಿಕೊಂಡು ಕೂರುತ್ತಾನೆ, ವಸಡನ್ನು ಒಳಗಿನಿಂದ ಕರಗಿಸುತ್ತಾನೆ, ಆಮೇಲೆ ಮೂಳೆ ಸವೆಯುತ್ತದೆ, ಹಲ್ಲು ಅಲುಗುತ್ತದೆ. ಅವನ ಹೆಸರು ಉದ್ದ, ನಾವು ಚಿಕ್ಕದಾಗಿ ಪಿ.ಜಿ. ಅನ್ನುತ್ತೇವೆ. ನಾನೂ ಪಿ.ಜಿ. ವಿದ್ಯಾರ್ಥಿನಿ, ಲ್ಯಾಬಿನಲ್ಲಿ ಎಲ್ಲರಿಗೂ ಇದೊಂದು ತಮಾಷೆ.

ರಕ್ತ ಬೆರೆಸಿದ ತಟ್ಟೆಯಲ್ಲಿ ಈ ಪಿ.ಜಿ.ಯನ್ನು ಬೆಳೆಸಿದರೆ ವಾರ ಕಳೆದ ಮೇಲೆ ರಾಗಿ ಕಾಳಿನಷ್ಟು ಚಿಕ್ಕ ಕಪ್ಪು ಚುಕ್ಕೆಗಳು ಮೂಡುತ್ತವೆ. ಹಸಿರು ಚಹಾದ ಒಗರು ಇದೆಯಲ್ಲ, ಅದು ಕ್ಯಾಟಚಿನ್ ಎಂಬ ವಸ್ತುವಿನಿಂದ ಬರುವುದು. ಅದನ್ನು ನೆನೆಸಿದ ಕಾಗದದ ಬಿಲ್ಲೆಯನ್ನು ತಟ್ಟೆಯ ನಡುವೆ ಇಟ್ಟಿದ್ದೆ. ಬಿಲ್ಲೆಯ ಸುತ್ತ ಒಂದು ಚುಕ್ಕೆಯೂ ಬೆಳೆದಿರಲಿಲ್ಲ. ಅದನ್ನು ಮೊದಲ ಸಲ ಕಂಡಾಗ ನಾನು ಅರ್ಧ ಗಂಟೆ ಕುರ್ಚಿಯಿಂದ ಏಳಲಿಲ್ಲ. ಒಂದು ಎಲೆಯ ಒಗರು ಆ ಕಳ್ಳನಿಗೆ ಅಂಟಿಕೊಳ್ಳಲು ಬಿಡುವುದಿಲ್ಲ, ವಸಡು ಕರಗಿಸುವ ಅವನ ಹತಾರವನ್ನೂ ಮೊಂಡು ಮಾಡುತ್ತದೆ. ಆದರೆ ಅದು ತಟ್ಟೆ. ಮನುಷ್ಯರ ಬಾಯಲ್ಲಿ ಜೊಲ್ಲಿದೆ, ಊಟವಿದೆ, ನೂರಾರು ಬೇರೆ ಜೀವಿಗಳಿವೆ. ಅಲ್ಲೂ ನಡೆಯುತ್ತದೆಯೇ ಎಂದು ನೋಡುವುದೇ ನಿಮ್ಮ ಬಾಟಲಿಗಳ ಕೆಲಸ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಸೇರಿ ಅರವತ್ತು ಜನ ಇದ್ದೀರಿ.

ಇಷ್ಟು ವಿಷಯಗಳಿರುವಾಗ ಇದನ್ನೇ ಏಕೆ ಹಿಡಿದೆ ಎಂದು ಮೇಡಂ ಒಮ್ಮೆ ಕೇಳಿದ್ದರು. ಅವರಿಗೆ ಹೇಳದ್ದನ್ನು ನಿಮಗೆ ಹೇಳುತ್ತೇನೆ. ನಮ್ಮೂರು ಸುಗಟೂರು, ಅಪ್ಪ ಹಿಪ್ಪುನೇರಳೆ ಬೆಳೆಯುತ್ತಾರೆ. ಅಮ್ಮ ರಾಮಲಕ್ಷ್ಮಮ್ಮನಿಗೆ ಮೂವತ್ತೆಂಟಕ್ಕೇ ಹಲ್ಲೆಲ್ಲ ಹೋದವು, ಇದೇ ಕಾಯಿಲೆ. ಆಗ ನಾನು ಆರನೇ ಕ್ಲಾಸು. ಅಮ್ಮ ಊರಿಗೇ ಕೇಳುವ ಹಾಗೆ ನಗುತ್ತಿದ್ದವಳು. ಅಂದಿನಿಂದ ಸೆರಗು ಬಾಯಿಗೆ ಹೋಯಿತು. ನಾನೇ ಸೆಟ್ ಹಲ್ಲು ಮಾಡಿಸಿಕೊಟ್ಟೆ, ಆದರೂ ಸೆರಗು ಕೆಳಗಿಳಿಯಲಿಲ್ಲ.

ಬಾಟಲಿಯದ್ದನ್ನು ಒಂದು ನಿಮಿಷ ಮುಕ್ಕಳಿಸಿ ಉಗುಳಿ, ನುಂಗಬೇಡಿ. ಹಿಂಬದಿ ಖಾಲಿ ಇದ್ದರೆ ಬರೆಯಿರಿ.

ನಿಮ್ಮ,
ಚಂದನ


ಮುಳಬಾಗಿಲು
17 ಫೆಬ್ರವರಿ 2025

ಚಂದನಮ್ಮನವರಿಗೆ,

ನಿಮ್ಮ ಕಾಗದವನ್ನು ನನ್ನ ಹೆಂಡತಿ ಶಹರ್ ಬಾನುಗೆ ಪೂರ್ತಿ ಓದಿ ಹೇಳಿದೆ. ನಿಮ್ಮ ತಾಯಿಯ ವಿಷಯ ಬಂದಾಗ ಅವಳು ಸೊಪ್ಪು ಬಿಡಿಸುವುದು ನಿಲ್ಲಿಸಿದಳು. ಇಷ್ಟು ಓದಿದ ಮಗಳು ಅಮ್ಮನ ನಗುವಿಗೋಸ್ಕರ ಓದುತ್ತಿದ್ದಾಳೆ ಎಂದರೆ ಆ ತಾಯಿ ಪುಣ್ಯವಂತೆ ಎಂದಳು. ನನಗೂ ಹಾಗೆಯೇ ಅನ್ನಿಸಿತು. ನಲವತ್ತು ವರ್ಷದಲ್ಲಿ ಎಷ್ಟು ದೊಡ್ಡವರ ಮನೆ ಮುಂದೆ ಊದಿಲ್ಲ ನಾನು, ಯಾರ ಮೇಲೂ ಇಷ್ಟು ಗೌರವ ಹುಟ್ಟಿರಲಿಲ್ಲ. ಮುಖಸ್ತುತಿ ಅಂದುಕೊಳ್ಳಬೇಡಿ.

ಈಗ ಸಂತೋಷದ ಸುದ್ದಿ. ಎಂಟು ದಿನದಿಂದ ರಕ್ತವಿಲ್ಲ. ಬ್ರಷ್ಷು ಬೆಳ್ಳಗೆ ಬರುತ್ತದೆ. ಹಲ್ಲು ಇನ್ನೂ ಅಲುಗುತ್ತದೆ, ಆದರೆ ನೋವಿಲ್ಲ. ಹೋದ ವಾರ ನಂಗಲಿಯಲ್ಲಿ ಮದುವೆ ಇತ್ತು, ಒಂದೂವರೆ ಗಂಟೆ ಊದಿದೆ. ಡೋಲು ಬಾರಿಸುವ ಮುನಿಶಾಮಿ ನಡುನಡುವೆ ನನ್ನ ಬಾಯನ್ನೇ ನೋಡುತ್ತಿದ್ದ, ಹಲ್ಲು ಎಲ್ಲಿ ಉದುರೀತೋ ಎಂದು. ಅವನಿಗೂ ನನಗೂ ಮೂವತ್ತು ವರ್ಷದ ಜೊತೆ, ಅವನ ಪೆಟ್ಟಿಲ್ಲದೆ ನನ್ನ ಉಸಿರು ಹೊರಡುವುದಿಲ್ಲ.

ಅಲ್ಲೇ ಹೈವೇ ಪಕ್ಕ ಪೆದ್ದಪ್ಪನ ಟೀ ಅಂಗಡಿ. ಬರೀ ಮುಕ್ಕಳಿಸುವುದೇಕೆ, ಕುಡಿದರೂ ಒಳ್ಳೆಯದಲ್ಲವೇ ಎಂದು ಹಸಿರು ಚಹಾ ಪೊಟ್ಟಣ ಒಂದನ್ನು ಕೊಂಡು ಅವನ ಕೈಗೆ ಕೊಟ್ಟೆ. ಪುಣ್ಯಾತ್ಮ ಹಾಲು, ಸಕ್ಕರೆ, ಶುಂಠಿ ಹಾಕಿ ಕುದಿಸಿ ತಂದ. ಹಾಲು ಬೇಡವೋ ಅಂದರೆ, 'ಹಾಲಿಲ್ದಿರೋ ಟೀ ಕೊಟ್ರೆ ಲಾರಿಯೋರು ನನ್ ಅಂಗ್ಡಿ ಕಡೆ ತಲೆ ಹಾಕ್ತಾರಾ ಮಾಸ್ಟ್ರೇ?' ಎಂದು ಜಗಳಕ್ಕೇ ಬಂದ. ಕುಡಿದೆ. ಚೆನ್ನಾಗಿಯೇ ಇತ್ತು.

ಮಾರ್ಚ್ ಎರಡಕ್ಕೆ ರಂಜಾನ್ ಶುರು. ಹಗಲಲ್ಲಿ ಬಾಯಿಗೆ ನೀರೂ ಹಾಕುವಂತಿಲ್ಲ. ಏನು ಮಾಡಲಿ ತಿಳಿಸಿ.

ನಿಮ್ಮ ಕ್ಷೇಮವನ್ನೇ ಬಯಸುವ
ಓಬೇದುಲ್ಲಾ


ಕೋಲಾರ
24 ಫೆಬ್ರವರಿ 2025

ಮಾಸ್ಟರೇ,

ಮೊದಲು ಪೆದ್ದಪ್ಪನವರ ಚಹಾ ನಿಲ್ಲಿಸಿ. ಹಾಲಿನ ಸತ್ವ ಕ್ಯಾಟಚಿನ್ ಅನ್ನು ಹಿಡಿದಿಟ್ಟುಕೊಳ್ಳುತ್ತದೆ, ಅದಕ್ಕೆ ಕೆಲಸ ಮಾಡಲು ಬಿಡುವುದಿಲ್ಲ. ಸಕ್ಕರೆಯ ವಿಷಯ ಹೇಳುವುದೇ ಬೇಡ. ಹಾಲಿಲ್ಲದ ಹಸಿರು ಚಹಾವನ್ನೂ ಈ ಹನ್ನೆರಡು ವಾರ ಕುಡಿಯಬೇಡಿ. ನಿಮ್ಮ ಬಾಟಲಿಯಲ್ಲಿ ಬರೀ ನೀರಿದೆ ಎಂದುಕೊಳ್ಳಿ. ನೀವು ಹೊರಗೆ ಚಹಾ ಕುಡಿದರೆ ನೀರಿನವರ ಸಾಲಿನಲ್ಲಿರುವ ನಿಮ್ಮ ಬಾಯಿಗೂ ಚಹಾ ಬಿತ್ತು. ಆಮೇಲೆ ಎರಡು ಸಾಲನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ವ್ಯತ್ಯಾಸ ಕಾಣುವುದಿಲ್ಲ. ಚಹಾದಿಂದ ಗುಣವಾಯಿತೋ, ನಾವು ಕೆರೆದು ಶುಚಿ ಮಾಡಿದ್ದರಿಂದ ಗುಣವಾಯಿತೋ ಹೇಳಲಾಗದು. ಇಡೀ ಅಧ್ಯಯನ ನಿಂತಿರುವುದು ಅದೊಂದರ ಮೇಲೆ, ನೀರಿನವರಿಗೆ ನೀರು, ಚಹಾದವರಿಗೆ ಚಹಾ.

ರಂಜಾನಿನಲ್ಲಿ ಇಫ್ತಾರ್ ಊಟ ಮುಗಿದ ಮೇಲೆ ಒಂದು ಸಲ, ಬೆಳಗಿನ ಜಾವ ಸಹರಿ ಊಟ ಆಗಿ ರೋಜಾ ಶುರುವಾಗುವ ಮುಂಚೆ ಒಂದು ಸಲ ಮುಕ್ಕಳಿಸಿ. ಅಷ್ಟು ಸಾಕು.

ಇನ್ನೊಂದು ಮಾತು. ಮೊದಲ ತಿಂಗಳ ತಪಾಸಣೆಗೆ ನೀವು ಆರೂ ಜನ ಒಂದೇ ಬಸ್ಸಿನಲ್ಲಿ ಬಂದಿರಲ್ಲ, ಆ ದಿನ ನನ್ನ ಜೊತೆ ಓದುವ ಶ್ವೇತ ನಿಮ್ಮನ್ನೆಲ್ಲ ನೋಡಿ ಹೊಟ್ಟೆಕಿಚ್ಚುಪಟ್ಟಳು. ಅವಳ ಅಧ್ಯಯನದಲ್ಲಿ ಅರ್ಧ ಜನ ತಪಾಸಣೆಗೇ ಬರುವುದಿಲ್ಲ. ನಿಮ್ಮ ಒಂದು ಫಾರಂ ತಪ್ಪಿಲ್ಲ, ಒಂದು ದಿನ ತಪ್ಪಿಲ್ಲ. ಮೇಡಂ ಸೆಮಿನಾರಿನಲ್ಲಿ ಎಲ್ಲರ ಮುಂದೆ ಹೇಳಿದರು, ಅಧ್ಯಯನಕ್ಕೆ ಸೇರಿದರೆ ಮುಳಬಾಗಿಲಿನ ಬ್ಯಾಂಡಿನವರ ಹಾಗೆ ಸೇರಬೇಕು ಎಂದು. ಜೂನ್ ಹೊತ್ತಿಗೆ ಪ್ರಬಂಧ ಒಪ್ಪಿಸಿ ಮುಗಿಸುತ್ತೇನೆ. ನನಗೆ ನಿಮ್ಮ ಆರು ಜನರ ಮೇಲೆ ಇರುವಷ್ಟು ನಂಬಿಕೆ ಉಳಿದ ಐವತ್ನಾಲ್ಕು ಜನರ ಮೇಲಿಲ್ಲ.

ನಿಮ್ಮ,
ಚಂದನ


ಮುಳಬಾಗಿಲು
10 ಮಾರ್ಚ್ 2025

ಚಂದನಮ್ಮ,

ಈ ಕಾಗದದ ಮುಂಬದಿಯಲ್ಲಿ ಗುರುತು ಹಾಕಿಲ್ಲ. ಯಾಕೆಂದು ಹೇಳುತ್ತೇನೆ.

ನಿಮ್ಮ ಕಾಗದವನ್ನು ಮೂರು ಸಲ ಓದಿದೆ. ನೀರಿನವರಿಗೆ ನೀರು, ಚಹಾದವರಿಗೆ ಚಹಾ ಎಂಬ ಮಾತಿನ ಮೇಲೆ ಬೆರಳಿಟ್ಟು ಮತ್ತೆ ಓದಿದೆ. ತಾಯಿ, ನಾವು ತಪ್ಪು ಮಾಡಿದ್ದೇವೆ. ಬಾಟಲಿ ತಂದ ದಿನವೇ ನಮ್ಮ ಮನೆಯ ಜಗಲಿಯ ಮೇಲೆ ಆರು ಜನ ಕೂತು, ಆರು ಬಾಟಲಿಯನ್ನೂ ದೊಡ್ಡ ಸ್ಟೀಲ್ ಕ್ಯಾನಿಗೆ ಸುರಿದು, ಸೌಟಿನಲ್ಲಿ ಕಲಕಿ, ಮತ್ತೆ ಸಮನಾಗಿ ಆರು ಬಾಟಲಿಗೆ ತುಂಬಿಕೊಂಡೆವು. ಆಮೇಲೆ ಕೊಟ್ಟ ಬಾಟಲಿಗಳಿಗೂ ಹಾಗೆಯೇ ಮಾಡಿದೆವು. ಮೋಸ ಮಾಡಬೇಕೆಂದಲ್ಲ. ಯಾರಿಗೆ ಔಷಧಿ, ಯಾರಿಗೆ ಬರೀ ನೀರೋ ಗೊತ್ತಿಲ್ಲದ ಮೇಲೆ ನಮ್ಮಲ್ಲಿ ಒಬ್ಬನಿಗೆ ನೀರೇ ಸಿಕ್ಕು ಅವನ ಹಲ್ಲು ಹೋದರೆ ಮಿಕ್ಕವರು ಅವನ ಮುಖ ಹೇಗೆ ನೋಡುವುದು? ಲಾಡು ಹಂಚಿಕೊಂಡ ಹಾಗೆ ಇದನ್ನೂ ಹಂಚಿಕೊಂಡೆವು. ಸುರಿಯೋಣ ಎಂದವನು ನಾನೇ. ಕಲಕಿದವನೂ ನಾನೇ.

ನೀವು ಅಂದು ಬಿಡಿಸಿ ಹೇಳಿದ್ದಿರಿ, ನಾವು ಸಹಿ ಹಾಕಿದ್ದೆವು. ಕೇಳಿಸಿಕೊಂಡಿದ್ದು ಹಲ್ಲಿನ ಚಿಂತೆಯಲ್ಲಿ, ತಲೆಗೆ ಹೋಗಲಿಲ್ಲ. ಈಗ ಹೋಯಿತು. ನಿಮ್ಮ ಎರಡು ಸಾಲನ್ನೂ ನಾವು ಕಲಕಿಟ್ಟಿದ್ದೇವೆ. ಅದರ ಮೇಲೆ ನಿಮ್ಮ ಮೇಡಂ ಎಲ್ಲರ ಮುಂದೆ ನಮ್ಮನ್ನು ಹೊಗಳಿದ್ದಾರೆ. ಆ ಹೊಗಳಿಕೆ ಗಂಟಲಲ್ಲಿ ಇಳಿಯುತ್ತಿಲ್ಲ.

ಇಫ್ತಾರ್ ಆದ ಮೇಲೆ ಬ್ಯಾಂಡಿನವರಿಗೆಲ್ಲ ಹೇಳಿದೆ. ತುತ್ತೂರಿ ಊದುವ ಶಾಕಿರ್ ತಲೆ ತಗ್ಗಿಸಿದ. ಮುನಿಶಾಮಿ ಮಾತ್ರ, 'ವದ್ದಣ್ಣಾ, ಬ್ಯಾಡ, ಸುಮ್ನಿರು. ಹೇಳಿದ್ರೆ ನಮ್ಮನ್ನ ತೆಗೆದಾಕ್ತಾರೆ. ಆಮೇಲೆ ನಿನ್ ಹಲ್ಲು ಯಾರ್ ನೋಡ್ತಾರೆ? ನೀನು ಊದ್ದೆ ಹೋದ್ರೆ ನಾನು ಯಾರಿಗ್ ಬಾರಿಸ್ಲಿ?' ಎಂದ. ಅವನು ಹೇಳುವುದರಲ್ಲೂ ನಿಜವಿದೆ. ನಿಯಮ ಮೀರಿದವರನ್ನು ಅಧ್ಯಯನದಿಂದ ಕೈಬಿಡಲಾಗುವುದು ಎಂದು ಫಾರಂನ ಕೆಳಗೇ ಅಚ್ಚು ಹಾಕಿದ್ದೀರಿ. ಕೈಬಿಟ್ಟರೆ ನಾನು ಮತ್ತೆ ಆ ಕೀಳುವ ಡಾಕ್ಟರ ಹತ್ತಿರವೇ ಹೋಗಬೇಕು.

ಆದರೆ ಸುಳ್ಳು ಲೆಕ್ಕದ ಮೇಲೆ ನಿಮ್ಮ ಹೆಸರು ಬರುವುದು ನನಗೆ ಬೇಡ. ತಾಯಿಯ ನಗುವಿಗೋಸ್ಕರ ಓದುವವರಿಗೆ ಹಾಗೆ ಮಾಡಬಾರದು. ಹಲ್ಲು ಹೋದರೆ ಹೋಗಲಿ.

ತಪ್ಪಿತಸ್ಥ,
ಓಬೇದುಲ್ಲಾ


ಕೋಲಾರ
12 ಏಪ್ರಿಲ್ 2025

ಮಾಸ್ಟರಿಗೆ ನಮಸ್ಕಾರ. ನಿಮಗೂ ಶಹರ್ ಬಾನು ಅವರಿಗೂ ತಡವಾದ ಈದ್ ಶುಭಾಶಯ.

ನಿಮ್ಮ ಕಾಗದದ ಮೇಲೆ ಮಾರ್ಚ್ ಹತ್ತು ಎಂದಿದೆ, ನನ್ನ ಕೈಸೇರಿದ್ದು ಇಪ್ಪತ್ತೆರಡಕ್ಕೆ. ಮುಳಬಾಗಿಲಿನಿಂದ ಕೋಲಾರಕ್ಕೆ ಇರುವ ಮೂವತ್ತು ಕಿಲೋಮೀಟರಿಗೆ ಹನ್ನೆರಡು ದಿನ ತೆಗೆದುಕೊಂಡ ಅಂಚೆಯವರನ್ನು ಬೈದುಕೊಂಡೆ. ನಾನು ಉತ್ತರಕ್ಕೆ ತೆಗೆದುಕೊಂಡದ್ದು ಅದಕ್ಕಿಂತ ಹೆಚ್ಚು ದಿನ. ನಿಜ ಹೇಳಬೇಕೆಂದರೆ ನನಗೆ ವಿಪರೀತ ಕೋಪ ಬಂದಿತ್ತು. ಮೊದಲು ಬರೆದ ಉತ್ತರವನ್ನು ಹರಿದು ಹಾಕಿದೆ. ಅದನ್ನು ನೀವು ಓದದಿದ್ದದ್ದು ಒಳ್ಳೆಯದಾಯಿತು.

ಅಳುತ್ತಾ ಮೇಡಂ ಹತ್ತಿರ ಹೋದೆ. ಅವರು ನಿಮ್ಮ ಕಾಗದವನ್ನು ಓದಿ ಕನ್ನಡಕ ತೆಗೆದಿಟ್ಟು, 'ತಪ್ಪು ಅವರದಲ್ಲ ಕಣೇ. ಒಂದೇ ತಟ್ಟೆಲಿ ಉಣ್ಣೋರನ್ನ ನಾವು ಬೇರೆಬೇರೆ ಅಂತ ಎಣಿಸಿದ್ವಲ್ಲ, ಅದು ತಪ್ಪು' ಎಂದರು. ಉಳಿದ ಐವತ್ನಾಲ್ಕು ಜನರನ್ನೂ ಕೂರಿಸಿಕೊಂಡು ಬೈಯದೆ ಕೇಳಿಕೊಂಡು ಬಾ ಎಂದು ಕಳಿಸಿದರು.

ಹೋದೆ. ಶ್ರೀನಿವಾಸಪುರದ ಒಂದು ಮನೆಯಲ್ಲಿ ಅತ್ತೆ ತನ್ನ ಬಾಟಲಿಯಿಂದ ಬೇಗ ಗುಣವಾಗುತ್ತಿದೆ ಎಂದುಕೊಂಡು ಸೊಸೆಗೆ ಕೊಟ್ಟು, ಸೊಸೆಯದನ್ನು ತಾನು ಬಳಸುತ್ತಿದ್ದಾರೆ. ಮಾಲೂರಿನ ಗಂಡ ಹೆಂಡತಿ ಒಂದು ಬಾಟಲಿ ಮುಗಿದ ಮೇಲೆ ಇನ್ನೊಂದನ್ನು ಒಡೆಯೋಣ ಎಂದು ಇಬ್ಬರೂ ಒಂದರಿಂದಲೇ ಮುಕ್ಕಳಿಸಿದ್ದಾರೆ. ಹೀಗೆ ಇನ್ನೂ ಹದಿಮೂರು ಜನ. ಎಲ್ಲರ ಫಾರಂನಲ್ಲೂ ಎಲ್ಲ ಗುರುತೂ ಸರಿಯಾಗಿಯೇ ಇದ್ದವು. ಪ್ರಶ್ನೆಗಳೇ ತಪ್ಪಾಗಿದ್ದವು. ಬಾಟಲಿ ಯಾರ್‍ಯಾರು ಬಳಸಿದಿರಿ ಎಂದು ನಾನು ಎಲ್ಲೂ ಕೇಳಿರಲಿಲ್ಲ.

ಮಾಸ್ಟರೇ, ನೀವು ಬಾಯಿ ಬಿಡದಿದ್ದರೆ ಜೂನಿನಲ್ಲಿ ನಾನು ಪ್ರಬಂಧ ಒಪ್ಪಿಸುತ್ತಿದ್ದೆ. ಚಹಾದಿಂದ ಏನೂ ವ್ಯತ್ಯಾಸವಿಲ್ಲ ಎಂದು ನನ್ನ ಹೆಸರಿನಲ್ಲಿ ಅಚ್ಚಾಗುತ್ತಿತ್ತು. ಅದು ನಿಜವೋ ಸುಳ್ಳೋ ನನಗೇ ಗೊತ್ತಿರುತ್ತಿರಲಿಲ್ಲ. ಅದನ್ನು ಓದಿ ಇನ್ನೊಬ್ಬರು ಈ ದಾರಿಯನ್ನೇ ಬಿಟ್ಟುಬಿಡುತ್ತಿದ್ದರು. ಈಗ ಮೊದಲಿಂದ ಶುರು ಮಾಡಬೇಕು. ಹೊಸ ಕ್ರಮದಲ್ಲಿ ಒಂದು ಮನೆಗೆಲ್ಲ ಒಂದೇ ಬಗೆ, ಒಂದು ಗುಂಪಿಗೆಲ್ಲ ಒಂದೇ ಬಗೆ. ಹಂಚಿಕೊಂಡರೂ ಕೆಡದ ಹಾಗೆ. ನನಗೆ ಆರು ತಿಂಗಳು ಹಿಂದಾಗುತ್ತದೆ. ಆಗಲಿ.

ಇನ್ನು ನಿಮ್ಮ ಹಲ್ಲು. ಕೈಬಿಡಲಾಗುವುದು ಎಂದು ಬರೆದದ್ದು ಲೆಕ್ಕದಿಂದ, ಚಿಕಿತ್ಸೆಯಿಂದಲ್ಲ. ಅದನ್ನು ಹಾಗೆ ಅಚ್ಚು ಹಾಕಿಸಿದ್ದೂ ನನ್ನದೇ ತಪ್ಪು. ಅದನ್ನು ಓದಿಕೊಂಡು, ಹಲ್ಲು ಹೋಗುತ್ತದೆಂದೇ ನಂಬಿಕೊಂಡು ನೀವು ಆ ಕಾಗದ ಬರೆದಿರಿ. ನಾನು ಐದು ವರ್ಷ ಓದಿ, ಮೇಲೆ ಎರಡು ವರ್ಷ ಕಲಿತು ಇಷ್ಟು ಪ್ರಾಮಾಣಿಕವಾದ ಒಂದು ಹಾಳೆಯನ್ನೂ ಬರೆದಿಲ್ಲ. ಮೇ ಮೂರಕ್ಕೆ ಬನ್ನಿ. ವಸಡು ವಾಸಿಯಾಗಿದೆ, ಅಲುಗುವ ಹಲ್ಲಿಗೆ ಪಕ್ಕದ ಗಟ್ಟಿ ಹಲ್ಲುಗಳ ಜೊತೆ ಹಿಂಬದಿಯಿಂದ ಸಣ್ಣ ತಂತಿ ಕಟ್ಟುತ್ತೇನೆ. ಕ್ಲಾರಿನೆಟ್ ತರುವುದನ್ನು ಮರೆಯಬೇಡಿ.

ನಿಮ್ಮ,
ಚಂದನ


ಕೋಲಾರ
30 ಜೂನ್ 2025

ಮಾಸ್ಟರೇ,

ಮೇ ಮೂರನೆಯ ತಾರೀಕನ್ನು ನಮ್ಮ ವಿಭಾಗದಲ್ಲಿ ಇನ್ನೂ ಯಾರೂ ಮರೆತಿಲ್ಲ. ತಂತಿ ಕಟ್ಟಿ ಮುಗಿಸಿ, ಕಚ್ಚಿ ನೋಡಿ ಅಂದರೆ ನೀವು ಕಚ್ಚಿದ್ದು ಕ್ಲಾರಿನೆಟ್ಟನ್ನು. ಇಲ್ಲಿ ಬೇಡ, ಹೊರಗೆ ಕಾರಿಡಾರಿಗೆ ಹೋಗಿ ಎಂದೆ. ಅಲ್ಲಿ ಬೆಂಚಿನ ಮೇಲೆ ನನ್ನ ಅಮ್ಮ ಕೂತಿದ್ದಳು, ಸೆಟ್ ಹಲ್ಲು ಸರಿ ಮಾಡಿಸಿಕೊಳ್ಳಲು ಊರಿಂದ ಬಂದಿದ್ದಳು. ಅದು ನಿಮಗೆ ಗೊತ್ತಿರಲಿಲ್ಲ.

ನೀವು ಊದಿದ ಮೊದಲ ಸ್ವರ ಬಾಗಿಲ ಸಂದಿಗೆ ಬಾಲ ಸಿಕ್ಕಿದ ಬೆಕ್ಕಿನ ಹಾಗೆ ಕಿರುಚಿತು. ನೀವು ಗಾಬರಿಯಾಗಿ ಕೊಳವೆಯನ್ನು ಬಾಯಿಂದ ತೆಗೆದು ಅದರ ಮುಖವನ್ನೇ ನೋಡಿದಿರಲ್ಲ, ಆಗ ಅಮ್ಮ ನಕ್ಕಳು. ಗಟ್ಟಿಯಾಗಿ. ಬೆಂಚು ತಟ್ಟಿಕೊಂಡು. ಸೆರಗು ಭುಜದ ಮೇಲೇ ಇತ್ತು. ನೀವು ಮತ್ತೆ ತುಟಿ ಸರಿಮಾಡಿಕೊಂಡು ಶುರು ಮಾಡಿದಿರಿ. ಈ ಸಲ ಸ್ವರ ನಿಂತಿತು, ನಿಂತೇ ಇತ್ತು. ಸಾಲಿನಲ್ಲಿ ಕಾಯುತ್ತಿದ್ದ ರೋಗಿಗಳು ಎದ್ದು ನಿಂತರು. ನಾನು ನಿಮ್ಮನ್ನು ನೋಡಲಿಲ್ಲ, ಅಮ್ಮನ ಬಾಯನ್ನು ನೋಡುತ್ತಿದ್ದೆ. ಹದಿನೈದು ವರ್ಷವಾಗಿತ್ತು.

ಹೊಸ ಅಧ್ಯಯನ ಶುರುವಾಗಿದೆ. ಈ ಸಲ ಚಹಾ ಗೆಲ್ಲುತ್ತದೋ ಸೋಲುತ್ತದೋ ನನಗೆ ಗೊತ್ತಿಲ್ಲ. ಗೆಲ್ಲಲಿ ಎಂದು ಆಸೆ ಇದೆ, ಸೋತರೂ ಹಾಗೆಂದೇ ಬರೆಯುತ್ತೇನೆ. ಒಂದು ಅನುಮತಿ ಬೇಕಿತ್ತು. ಪ್ರಬಂಧದ ಮೊದಲ ಪುಟದಲ್ಲಿ, ಅಪ್ಪ ಅಮ್ಮನ ಹೆಸರಿನ ಕೆಳಗೆ, 'ನಷ್ಟವಾಗುತ್ತದೆಂದು ತಿಳಿದೂ ನಿಜ ಹೇಳಿದ ಓಬೇದುಲ್ಲಾ ಮಾಸ್ಟರಿಗೆ' ಎಂದು ಹಾಕಬೇಕೆಂದಿದ್ದೇನೆ. ನೀವು ಒಪ್ಪದೆ ಹೆಸರು ಹಾಕುವಂತಿಲ್ಲ. ಒಪ್ಪಿಗೆ ಬರೆದು ಕಳಿಸಿ.

ನಿಮ್ಮ,
ಚಂದನ


ಮುಳಬಾಗಿಲು
8 ಜುಲೈ 2025

ಚಂದನಮ್ಮನಿಗೆ ಆಶೀರ್ವಾದಗಳು.

ನೀವು ಕೊಟ್ಟ ಹನ್ನೆರಡು ಲಕೋಟೆಗಳಲ್ಲಿ ಉಳಿದವುಗಳ ಪೈಕಿ ಒಂದನ್ನು ಇದಕ್ಕೆಂದೇ ಎತ್ತಿಟ್ಟಿದ್ದೆ.

ಮೊನ್ನೆ ಮನೆಯಲ್ಲಿ ಒಂದು ಗಂಟೆ ಬಿಡದೆ ಊದಿದೆ. ಶಹರ್ ಬಾನು ಕಿವಿ ಮುಚ್ಚಿಕೊಂಡಳು, ಬೇಸರದಿಂದಲ್ಲ, ಅವಳಿಗೆ ಅಳು ಬಂದರೆ ಹಾಗೆ ಮಾಡುತ್ತಾಳೆ. ನಿಮ್ಮ ತಾಯಿ ನಕ್ಕ ವಿಷಯ ಓದಿ ಅವಳು ಇನ್ನೊಂದು ಸಲ ಕಿವಿ ಮುಚ್ಚಿಕೊಂಡಳು. ಅಂದು ಬೆಂಚಿನ ಮೇಲಿದ್ದವರು ಅವರೆಂದು ಗೊತ್ತಿದ್ದರೆ ಇನ್ನೂ ನಾಲ್ಕು ಅಪಸ್ವರ ಊದುತ್ತಿದ್ದೆ. ನಿಮ್ಮ ಕೈ ಚೆನ್ನಾಗಿರಲಿ ತಾಯಿ. ಚಹಾ ಗೆಲ್ಲಲಿ ಬಿಡಲಿ, ಸೋತರೂ ಬರೆಯುತ್ತೇನೆ ಎಂದಿರಲ್ಲ, ಆ ಮಾತಿಗೆ ನಾನು ಎದ್ದು ನಿಂತು ಸಲಾಮು ಮಾಡಿದೆ.

ಆದರೆ ಒಪ್ಪಿಗೆ ಕೊಡಲಾರೆ. ನೀವು ನನ್ನನ್ನು ಇಷ್ಟು ಎತ್ತರಕ್ಕೆ ಏರಿಸಿದ ಮೇಲೆ ಇದೊಂದನ್ನು ಮುಚ್ಚಿಡುವುದು ಸರಿಯಲ್ಲ. ನೀವು ಅಂಚೆಯವರನ್ನು ಬೈದುಕೊಂಡಿರಿ. ಅವರ ತಪ್ಪಿಲ್ಲ. ಮಾರ್ಚ್ ಹತ್ತಕ್ಕೆ ಕಾಗದ ಬರೆದೆ ನಿಜ, ಲಕೋಟೆಗೆ ಹಾಕಿ ಅಂಟಿಸಿದೆ. ಅಂಚೆ ಡಬ್ಬದ ಮುಂದೆ ನಾಲ್ಕು ಸಲ ಹೋಗಿ ನಿಂತೆ, ಕೈ ಮೇಲೇಳಲಿಲ್ಲ. ಹಲ್ಲು ಹೋದರೆ ಹೋಗಲಿ ಎಂದು ಬರೆಯುವುದು ಸುಲಭ ತಾಯಿ, ನಾಲಗೆಯಲ್ಲಿ ಆ ಹಲ್ಲನ್ನು ಮುಟ್ಟಿ ನೋಡಿಕೊಂಡರೆ ಧೈರ್ಯ ಇಳಿದುಹೋಗುತ್ತದೆ. ಕಾಗದವನ್ನು ಕ್ಲಾರಿನೆಟ್ ಪೆಟ್ಟಿಗೆಯಲ್ಲಿ ಬಟ್ಟೆಯ ಕೆಳಗೆ ಬಚ್ಚಿಟ್ಟೆ. ಹತ್ತು ದಿನ ಅಲ್ಲೇ ಇತ್ತು. ಇನ್ನೂ ಹತ್ತು ದಿನ ಕಳೆದಿದ್ದರೆ ಹರಿದು ಹಾಕುತ್ತಿದ್ದೆನೋ ಏನೋ.

ಒಂದು ದಿನ ಪೆಟ್ಟಿಗೆ ತೆಗೆದರೆ ಕಾಗದವಿಲ್ಲ. ಮುನಿಶಾಮಿಯನ್ನು ಕೇಳಿದೆ. ಡೋಲಿನ ಹಗ್ಗ ಬಿಗಿಯುತ್ತಿದ್ದವನು ತಲೆ ಎತ್ತಲಿಲ್ಲ. 'ಡಬ್ಬಕ್ಕಾಕ್ದೆ ಕಣಣ್ಣಾ. ಹತ್ತು ದಿನದಿಂದ ನಿನ್ ಸ್ವರ ಸರಿಗಿಲ್ಲ. ಅದು ಹಲ್ಲಿಂದಲ್ಲ ಅಂತ ನಂಗೊತ್ತು' ಎಂದ. ನನ್ನ ಹಲ್ಲಿಗೋಸ್ಕರ ಸುಮ್ಮನಿರು ಎಂದು ಕೈ ಹಿಡಿದುಕೊಂಡಿದ್ದವನು ಅವನೇ. ಹಾಕಿದವನೂ ಅವನೇ. ನಾನು ನಿಮಗೆ ಇದನ್ನು ಮೇ ತಿಂಗಳಲ್ಲೇ ಹೇಳಬೇಕಿತ್ತು, ನಿಮ್ಮ ಹೊಗಳಿಕೆ ರುಚಿಯಾಗಿತ್ತು, ಹೇಳಲಿಲ್ಲ.

ಆದ್ದರಿಂದ ನನ್ನೊಬ್ಬನ ಹೆಸರು ಬೇಡ. ನಮ್ಮ ಬ್ಯಾಂಡಿನಲ್ಲಿ ಯಾರ ಕೈಗೆ ಏನು ಬಂದರೂ ಒಂದೇ ಡಬ್ಬಕ್ಕೆ ಬೀಳುತ್ತದೆ ಎಂದು ಮೊದಲ ಕಾಗದದಲ್ಲೇ ಬರೆದಿದ್ದೆ. ಹಾಕುವುದಾದರೆ ಆರು ಹೆಸರೂ ಹಾಕಿ. ಮೊದಲನೆಯದು ಮುನಿಶಾಮಿಯದಿರಲಿ.

ಈ ಕಾಗದವನ್ನು ನಾನೇ ನಡೆದು ಹೋಗಿ ಡಬ್ಬಕ್ಕೆ ಹಾಕುತ್ತಿದ್ದೇನೆ.

ಇಂತಿ,
ಓಬೇದುಲ್ಲಾ